ಕಾಯುವುದಾ, ಕಳಿಸಿಕೊಡುವುದಾ? ಗುಣವಾಗದ ಕೋಳಿಯ ಮುಂದಿರುವ ದಾರಿಗಳು

ಬೆಳಗ್ಗೆ ಗೂಡಿನ ಬಾಗಿಲು ತೆಗೆದರೆ ಕೋಳಿಗಳೆಲ್ಲ ಒಂದರ ಮೇಲೊಂದು ಬಿದ್ದು ಹೊರಗೆ ಬರುತ್ತವೆ. ಒಂದು ಮಾತ್ರ ಒಳಗೇ ಉಳಿಯುತ್ತದೆ. ಮೂಲೆಯಲ್ಲಿ ಪುಕ್ಕ ಉಬ್ಬಿಸಿಕೊಂಡು, ಕಣ್ಣು ಅರ್ಧ ಮುಚ್ಚಿ, ತೂಕಡಿಸುತ್ತಾ ಕೂತಿರುತ್ತದೆ. ಕೋಳಿ ಸಾಕಿದವರಿಗೆಲ್ಲ ಈ ನೋಟ ಗೊತ್ತು. ನೋಡಿದ ಕೂಡಲೇ ಎದೆ ಧಸಕ್ ಅನ್ನುತ್ತದೆ.

ನನ್ನ ಕೆಂಪು ಹೇಂಟೆ ಹೀಗೇ ಕೂತಿತ್ತು. ನಾಲ್ಕು ವರ್ಷದ ಕೋಳಿ. ಹೊಟ್ಟೆ ಮುಟ್ಟಿದರೆ ನೀರು ತುಂಬಿದ ಚೀಲದ ಹಾಗಿತ್ತು. ನಾನು ಆರು ದಿನ ಅದನ್ನು ಉಳಿಸಿಕೊಂಡೆ. ಇದು ಗುಣವಾಗುವುದಿಲ್ಲ ಅಂತ ನಾಲ್ಕನೇ ದಿನವೇ ನನಗೆ ಗೊತ್ತಾಗಿತ್ತು. ಕೊನೆಯ ಎರಡು ದಿನ ಕಾಯಿಸಿದ್ದು ನನಗೋಸ್ಕರ, ಅದಕ್ಕೋಸ್ಕರ ಅಲ್ಲ. ಆ ಎರಡು ದಿನ ಈಗಲೂ ನೆನಪಾಗುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನೀವು ಈಗ ಅಂಥದ್ದೇ ಜಾಗದಲ್ಲಿ ನಿಂತಿದ್ದರೆ, ನಿಮ್ಮ ಮುಂದೆ ಏನೇನು ದಾರಿ ಇದೆ, ಯಾವುದು ಯಾವಾಗ ಸರಿ ಅಂತ ಒಟ್ಟಿಗೆ ನೋಡೋಣ.

ದಾರಿಗಳು ಹೆಚ್ಚೇನಿಲ್ಲ. ಚಿಕಿತ್ಸೆ ಕೊಡಿಸಬಹುದು. ನೋವು ಕಡಿಮೆ ಮಾಡಿ ಕೆಲವು ದಿನ ಕಾದು ನೋಡಬಹುದು. ತಾನಾಗೇ ಸಾಯಲಿ ಅಂತ ಬಿಡಬಹುದು. ಪಶುವೈದ್ಯರಿಂದ ದಯಾಮರಣ ಕೊಡಿಸಬಹುದು. ಮನೆಯಲ್ಲೇ, ಕೈಯಿಂದ ಅದರ ಸಂಕಟ ಮುಗಿಸಬಹುದು. ಇವುಗಳಲ್ಲಿ ಮೂರನೆಯದು ನನಗೆ ಸುತರಾಂ ಒಪ್ಪಿಗೆಯಿಲ್ಲ. ಕಾರಣ ಮುಂದೆ ಹೇಳುತ್ತೇನೆ.

ಮೊದಲು ನೋಡಬೇಕಾದ್ದು: ಇದು ನಿಜವಾಗಿಯೂ ಗುಣವಾಗದ ಕಾಯಿಲೆಯಾ?

ಕೋಳಿ ತನ್ನ ಕಾಯಿಲೆಯನ್ನು ಮುಚ್ಚಿಡುತ್ತದೆ. ಬಲ ಕಡಿಮೆಯಾದದ್ದು ಹದ್ದಿಗೂ ಕಾಣಬಾರದು, ಗುಂಪಿನ ಬೇರೆ ಕೋಳಿಗಳಿಗೂ ಕಾಣಬಾರದು. ಹಾಗಾಗಿ ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಕಾಯಿಲೆ ಎಷ್ಟೋ ದಿನ ಹಳೆಯದಾಗಿರುತ್ತದೆ. ಗಾಬರಿಯಾಗುವುದು ಸಹಜ. ಆದರೆ ಸಾಯುವ ಹಾಗೆ ಕಾಣುವ ಎಲ್ಲ ಕೋಳಿಯೂ ಸಾಯುವುದಿಲ್ಲ.

ಕಾಲು ಸೋತು ಬಿದ್ದ ಎಳೆ ಕೋಳಿಯನ್ನೇ ತೆಗೆದುಕೊಳ್ಳಿ. ಒಂದು ಕಾಲು ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಚಾಚಿ ಬಿದ್ದಿದ್ದರೆ ಎಲ್ಲರಿಗೂ ಮೊದಲು ನೆನಪಾಗುವುದು ಮಾರೆಕ್ಸ್ ಕಾಯಿಲೆ. ಹಂಗೇರಿಯ ಪಶುವೈದ್ಯ ಯೋಜೆಫ್ ಮಾರೆಕ್ 1907ರಲ್ಲಿ ಇದನ್ನು ಮೊದಲು ವಿವರಿಸಿದರು. ಅವರ ಹೆಸರೇ ಕಾಯಿಲೆಗೂ ಬಂತು. ಇದೊಂದು ಹರ್ಪಿಸ್ ಜಾತಿಯ ವೈರಸ್. ಮೊಟ್ಟೆಯಿಂದ ಹೊರಬಂದ ಮರಿಗೇ ಲಸಿಕೆ ಹಾಕುತ್ತಾರೆ. ಕಾಯಿಲೆ ಬಂದ ಮೇಲೆ ಮದ್ದಿಲ್ಲ. ಆದರೆ ಮರಿಗಳಲ್ಲಿ ಬಿ2 ವಿಟಮಿನ್ ಕಡಿಮೆಯಾದರೂ ಕಾಲ್ಬೆರಳು ಒಳಕ್ಕೆ ಮುದುಡಿ ನಡೆಯಲಾಗುವುದಿಲ್ಲ. ಬೇಗ ಗೊತ್ತಾದರೆ ವಿಟಮಿನ್ ಕೊಟ್ಟು ಸರಿಮಾಡಬಹುದು. ಪೆಟ್ಟಾಗಿದ್ದರೂ ಕಾಲು ಸೋಲುತ್ತದೆ. ಅಂಗಾಲಿನ ಗಾಯ ಬಾತುಕೊಂಡಿದ್ದರೂ ಕುಂಟುತ್ತದೆ. ದೂರದಿಂದ ನೋಡಿದರೆ ಎಲ್ಲವೂ ಒಂದೇ ಥರ.

ಬಾಲ ಕೆಳಗೆ ಹಾಕಿ ಪೆಂಗ್ವಿನ್ ಥರ ನೆಟ್ಟಗೆ ನಿಂತ ಹೇಂಟೆಯ ಕಥೆಯೂ ಹೀಗೇ. ಮೊಟ್ಟೆ ಒಳಗೆ ಸಿಕ್ಕಿಕೊಂಡಿರಬಹುದು. ಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಕೂರಿಸಿ, ಕ್ಯಾಲ್ಸಿಯಂ ಕೊಟ್ಟರೆ ಎಷ್ಟೋ ಸಲ ಮೊಟ್ಟೆ ಹೊರಬರುತ್ತದೆ. ಒಂದೆರಡು ದಿನ ತಡವಾದರೆ ಮಾತ್ರ ಜೀವಕ್ಕೇ ಅಪಾಯ. ಅದೇ ನಿಲುವು ಹೊಟ್ಟೆಯೊಳಗೆ ಮೊಟ್ಟೆಯ ಹಳದಿ ಬಿದ್ದು ಸೋಂಕಾದಾಗಲೂ ಬರುತ್ತದೆ, ಅಂಡಾಶಯದ ಕ್ಯಾನ್ಸರ್ ಆದಾಗಲೂ ಬರುತ್ತದೆ. ವಯಸ್ಸಾದ ಹೇಂಟೆಗಳಲ್ಲಿ ಈ ಕ್ಯಾನ್ಸರ್ ಎಷ್ಟು ಸಾಮಾನ್ಯ ಅಂದರೆ, ಹೆಂಗಸರ ಅಂಡಾಶಯದ ಕ್ಯಾನ್ಸರ್ ಬಗ್ಗೆ ತಿಳಿಯಲು ವಿಜ್ಞಾನಿಗಳು ಕೋಳಿಗಳನ್ನೇ ಅಭ್ಯಾಸ ಮಾಡುತ್ತಾರೆ. ಇದರಿಂದ ಹೊಟ್ಟೆಯಲ್ಲಿ ತುಂಬುವ ನೀರು ತೆಗೆಸಿದರೆ ಉಸಿರಾಟ ಹಗುರಾಗುತ್ತದೆ, ಆದರೆ ಸಾಮಾನ್ಯವಾಗಿ ಮತ್ತೆ ತುಂಬಿಕೊಳ್ಳುತ್ತದೆ. ನನ್ನ ಕೆಂಪು ಹೇಂಟೆಗೆ ಹಾಗೇ ಆಯಿತು.

ಆದ್ದರಿಂದ ಸಾಧ್ಯವಿದ್ದರೆ ಒಂದು ಸಲವಾದರೂ ಪಶುವೈದ್ಯರಿಗೆ ತೋರಿಸಿ. ಗುಣವಾಗುತ್ತದಾ ಅಂತ ಕೇಳುವುದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿ: "ಇದು ನಿಮ್ಮ ಕೋಳಿಯಾಗಿದ್ದರೆ ಏನು ಮಾಡುತ್ತಿದ್ದಿರಿ?" ಈ ಪ್ರಶ್ನೆಗೆ ನನಗೆ ಯಾವಾಗಲೂ ನೇರ ಉತ್ತರ ಸಿಕ್ಕಿದೆ.

ಇಲ್ಲಿ ಒಂದು ಎಚ್ಚರಿಕೆ. ಒಂದಲ್ಲ, ಹಲವು ಕೋಳಿಗಳು ಒಮ್ಮೆಲೇ ಸಾಯುತ್ತಿದ್ದರೆ, ಮುಖ ಬಾತು ಜುಟ್ಟು ನೀಲಿಯಾಗಿದ್ದರೆ, ಅದು ಹಕ್ಕಿಜ್ವರವೋ ಕೊಕ್ಕರೆ ರೋಗವೋ (ರಾಣಿಖೇತ್) ಇರಬಹುದು. ಆಗ ಈ ಹೋಲಿಕೆಯೆಲ್ಲ ಪಕ್ಕಕ್ಕಿಡಿ. ಸತ್ತ ಕೋಳಿ ಮುಟ್ಟಬೇಡಿ, ಎಲ್ಲಿಗೂ ಒಯ್ಯಬೇಡಿ. ಸರ್ಕಾರದ ಪಶುವೈದ್ಯಕೀಯ ಇಲಾಖೆಗೆ ಫೋನ್ ಮಾಡಿ.

ಚಿಕಿತ್ಸೆ ಮುಂದುವರಿಸುವುದಾ, ನಿಲ್ಲಿಸುವುದಾ?

ತೀರಾ ಕಷ್ಟದ ಹೋಲಿಕೆ ಇದೇ. ಸಾಯಿಸುವ ವಿಧಾನಕ್ಕಿಂತ ಇಲ್ಲೇ ಜನ ಜಾಸ್ತಿ ಸಿಕ್ಕಿಹಾಕಿಕೊಳ್ಳುತ್ತಾರೆ.

ನಾಯಿ, ಬೆಕ್ಕುಗಳ ವಿಷಯದಲ್ಲಿ ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಾಲೋಬೋಸ್ 2004ರಲ್ಲಿ ಒಂದು ಅಳತೆಗೋಲು ಮಾಡಿದರು. ನೋವು, ಹಸಿವು, ಮೈಯಲ್ಲಿ ನೀರಿನಂಶ, ಶುಚಿ, ಸಂತೋಷ, ಓಡಾಟ, ಕೆಟ್ಟ ದಿನಕ್ಕಿಂತ ಒಳ್ಳೆಯ ದಿನ ಹೆಚ್ಚಿದೆಯಾ ಅನ್ನುವುದು. ಹೀಗೆ ಏಳು ವಿಷಯ. ಒಂದೊಂದಕ್ಕೂ ಹತ್ತರೊಳಗೆ ಅಂಕ. ಒಟ್ಟು 35 ದಾಟಿದರೆ ಆರೈಕೆ ಮುಂದುವರಿಸಬಹುದು ಅನ್ನುವುದು ಅವರ ಲೆಕ್ಕ. ಕೋಳಿಗೆ ಅಂತ ಮಾಡಿದ್ದಲ್ಲ ಇದು. ಆದರೂ ಮನಸ್ಸು ಕಲಕಿದಾಗ ಕಾಗದದ ಮೇಲೆ ಅಂಕ ಬರೆಯುವುದು ತುಂಬ ಸಹಾಯ ಮಾಡುತ್ತದೆ. ಮನಸ್ಸು ನಿನ್ನೆಯದನ್ನು ಬೇಗ ಮರೆಯುತ್ತದೆ. ಕಾಗದ ಮರೆಯುವುದಿಲ್ಲ.

ಕೋಳಿಗೆ ನಾನು ಕೇಳುವ ಪ್ರಶ್ನೆಗಳು ಸ್ವಲ್ಪ ಬೇರೆ. ಕಾಳಿನ ಡಬ್ಬದ ಸದ್ದಿಗೆ ತಲೆ ಎತ್ತುತ್ತದಾ? ತಾನಾಗೇ ನೀರು ಕುಡಿಯುತ್ತದಾ? ಕೊಕ್ಕಿನಿಂದ ಪುಕ್ಕ ತಿದ್ದಿಕೊಳ್ಳುತ್ತದಾ? ಮಣ್ಣಲ್ಲಿ ಹೊರಳಾಡುವ ಆಸೆ ಉಳಿದಿದೆಯಾ? ಬೇರೆ ಕೋಳಿಗಳ ಹತ್ತಿರ ಹೋಗುತ್ತದಾ, ದೂರ ಸರಿಯುತ್ತದಾ? ಸಂಜೆ ಅಡ್ಡಕೋಲು ಹತ್ತುತ್ತದಾ, ನೆಲದಲ್ಲೇ ಕೂರುತ್ತದಾ? ಸೆಕೆ ಇಲ್ಲದಿದ್ದರೂ ಬಾಯಿ ತೆರೆದು ಉಸಿರಾಡುತ್ತದಾ? ಮೊದಲ ಮೂರಕ್ಕೂ "ಇಲ್ಲ" ಅನ್ನುವ ಉತ್ತರ ಎರಡು ದಿನ ಬಂದರೆ, ಅಥವಾ ಕೊನೆಯದಕ್ಕೆ "ಹೌದು" ಬಂದು ಮದ್ದಿಗೂ ಬಗ್ಗದಿದ್ದರೆ, ನಾನು ಇನ್ನು ಕಾಯುವುದಿಲ್ಲ.

"ಆದರೆ ತಿನ್ನುತ್ತಿದೆಯಲ್ಲ!" ಈ ಮಾತಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಕಾಯಿಲೆಯ ಕೋಳಿ ಕಾಳನ್ನು ಕೊಕ್ಕಿನಿಂದ ಕುಟುಕುತ್ತದೆ, ಎತ್ತುತ್ತದೆ, ಬಿಡುತ್ತದೆ. ನೋಡುವವರಿಗೆ ತಿಂದ ಹಾಗೇ ಕಾಣುತ್ತದೆ. ನಾನು ಎರಡು ದಿನ ಮೋಸಹೋದದ್ದು ಇಲ್ಲೇ. ಸಂಜೆ ಕತ್ತಿನ ಬುಡದಲ್ಲಿರುವ ಕಾಳಿನ ಚೀಲವನ್ನು ಮುಟ್ಟಿ ನೋಡಿ. ಆರೋಗ್ಯದ ಕೋಳಿಗೆ ಸಂಜೆ ಅದು ತುಂಬಿರುತ್ತದೆ, ಬೆಳಗ್ಗೆ ಖಾಲಿಯಾಗಿರುತ್ತದೆ. ಸಂಜೆಯೇ ಖಾಲಿ ಇದ್ದರೆ ಹೊಟ್ಟೆಗೆ ಏನೂ ಹೋಗಿಲ್ಲ. ಬೆಳಗ್ಗೆಯೂ ಗಟ್ಟಿಯಾಗಿ ತುಂಬಿದ್ದರೆ ಕೆಳಗೆ ಇಳಿಯುತ್ತಿಲ್ಲ. ಹಿಕ್ಕೆ ಸ್ವಲ್ಪವೇ ಇದ್ದು ಕಡು ಹಸಿರಾಗಿದ್ದರೆ ಹೆಚ್ಚಾಗಿ ಬರೀ ಪಿತ್ತ ಬರುತ್ತಿದೆ ಅಂತ ಅರ್ಥ. ಎದೆಯ ಮೂಳೆ ಚಾಕುವಿನ ಅಂಚಿನ ಹಾಗೆ ಕೈಗೆ ಸಿಕ್ಕರೆ ಮೈಯಲ್ಲಿದ್ದ ಮಾಂಸ ಕರಗಿಹೋಗಿದೆ. ದಿನಾ ಒಂದೇ ಹೊತ್ತಿಗೆ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಪುಕ್ಕದ ಕೆಳಗೆ ಏನು ನಡೆಯುತ್ತಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ತಕ್ಕಡಿಗೆ ಗೊತ್ತಾಗುತ್ತದೆ.

ಚಿಕಿತ್ಸೆಯ ಕಡೆ ವಾಲುವುದು ಯಾವಾಗ ಸರಿ? ಕಾಯಿಲೆಗೆ ಹೆಸರು ಗೊತ್ತಿದ್ದು, ಮದ್ದು ಇದ್ದು, ಮದ್ದು ಕೊಟ್ಟ ಎರಡು ಮೂರು ದಿನದಲ್ಲಿ ಸ್ವಲ್ಪವಾದರೂ ಬದಲಾವಣೆ ಕಂಡರೆ. ಮೆಲಾಕ್ಸಿಕ್ಯಾಮ್‌ನಂಥ ನೋವಿನ ಮದ್ದನ್ನು ಪಶುವೈದ್ಯರು ಹಕ್ಕಿಗಳಿಗೂ ಕೊಡುತ್ತಾರೆ. ಮೊಟ್ಟೆಯ ತೊಂದರೆ ಮತ್ತೆ ಮತ್ತೆ ಬರುವ ಹೇಂಟೆಗೆ ಮೊಟ್ಟೆ ಇಡುವುದನ್ನೇ ಕೆಲವು ತಿಂಗಳು ನಿಲ್ಲಿಸುವ ಹಾರ್ಮೋನ್ ಇಂಪ್ಲಾಂಟ್ ಕೂಡ ಇದೆ. ಇದೆಲ್ಲ ನಿಜವಾದ ಆಯ್ಕೆಗಳೇ. ಕೈಲಿ ದುಡ್ಡಿಲ್ಲ, ಇಷ್ಟು ಖರ್ಚು ಆಗುವುದಿಲ್ಲ ಅನ್ನುವುದೂ ನಿಜವಾದ ಕಾರಣವೇ. ಅದಕ್ಕೆ ನಾಚಿಕೆ ಪಡಬೇಡಿ. ಚಿಕಿತ್ಸೆ ಕೊಡಿಸಲಾಗದೆ, ಸಂಕಟವನ್ನೂ ಮುಗಿಸದೆ ಸುಮ್ನೆ ನೋಡುತ್ತಾ ಕೂರುವುದೇ ಕೋಳಿಗೆ ಕೆಟ್ಟದ್ದು.

ಕಾಯುವುದಾದರೆ ಗಡುವು ಇಟ್ಟುಕೊಂಡು ಕಾಯಿರಿ. "ಗುರುವಾರ ಸಂಜೆವರೆಗೆ. ಅಷ್ಟರಲ್ಲಿ ತೂಕ ಇಳಿಯುವುದು ನಿಲ್ಲದಿದ್ದರೆ ಶುಕ್ರವಾರ ಬೆಳಗ್ಗೆ ಫೋನ್ ಮಾಡುತ್ತೇನೆ." ಹೀಗೆ ದಿನ, ಹೊತ್ತು ಎರಡನ್ನೂ ಬರೆದಿಡಿ. ಮನೆಯಲ್ಲಿ ಇನ್ನೊಬ್ಬರಿಗೂ ಹೇಳಿಡಿ. ಆ ದಿನಗಳಲ್ಲಿ ಕೋಳಿಯನ್ನು ಬೆಚ್ಚಗಿನ, ಮಬ್ಬು ಬೆಳಕಿನ ಜಾಗದಲ್ಲಿಡಿ. ಮೂಗಿನ ಹತ್ತಿರವೇ ನೀರಿರಲಿ. ಆಗುವುದಾದರೆ ಬೇರೆ ಕೋಳಿಗಳ ಸದ್ದು ಕೇಳುವಷ್ಟು ಹತ್ತಿರವಿರಲಿ.

"ತಾನಾಗೇ ಹೋಗಲಿ" ಅಂತ ಬಿಡುವುದು

ಸಹಜ ಸಾವು ಅಂದರೆ ನಮ್ಮ ಕಣ್ಣ ಮುಂದೆ ಬರುವುದು ನಿದ್ದೆಯಲ್ಲೇ ಹೋಗಿಬಿಡುವ ಚಿತ್ರ. ಕೋಳಿಗೆ ಸಾಮಾನ್ಯವಾಗಿ ಹಾಗಾಗುವುದಿಲ್ಲ. ಅದರ ಮೈ ಬಿಸಿ 41ರಿಂದ 42 ಡಿಗ್ರಿ ಸೆಲ್ಸಿಯಸ್. ಆ ಬಿಸಿ ಉಳಿಸಿಕೊಳ್ಳಲು ಅದು ತಿನ್ನುತ್ತಲೇ ಇರಬೇಕು. ತಿನ್ನುವುದು ನಿಂತ ಮೇಲೆ ಮೈ ತಣ್ಣಗಾಗುತ್ತಾ, ಒಣಗುತ್ತಾ ದಿನಗಟ್ಟಲೆ ಎಳೆಯುತ್ತದೆ. ಬಲ ಕಳೆದುಕೊಂಡದ್ದನ್ನು ಗುಂಪಿನ ಬೇರೆ ಕೋಳಿಗಳು ಕುಕ್ಕುತ್ತವೆ. ಹಿಂಭಾಗ ಕೊಳೆಯಾದರೆ ನೊಣ ಮೊಟ್ಟೆಯಿಡುತ್ತದೆ. ಸೆಕೆಗಾಲದಲ್ಲಿ ಒಂದೇ ದಿನದಲ್ಲಿ ಅದು ಹುಳುವಾಗಿ ಜೀವಂತ ಕೋಳಿಯನ್ನೇ ತಿನ್ನಲು ಶುರುಮಾಡುತ್ತದೆ. ಒಮ್ಮೆ ನೋಡಿದವರು ಇದನ್ನು ಮರೆಯುವುದಿಲ್ಲ.

ಒಂದೇ ಒಂದು ಸಂದರ್ಭದಲ್ಲಿ ನಾನೂ ಸುಮ್ಮನಿರುತ್ತೇನೆ. ತುಂಬ ವಯಸ್ಸಾದ ಕೋಳಿ, ಉಸಿರು ಶಾಂತವಾಗಿದೆ, ಒದ್ದಾಟವಿಲ್ಲ, ಇನ್ನು ಕೆಲವೇ ಗಂಟೆ ಅಂತ ಕಾಣುತ್ತಿದೆ. ಆಗ ಪೆಟ್ಟಿಗೆಗೆ ಹಾಕಿ ದೂರ ಒಯ್ಯುವುದೇ ಅದಕ್ಕೆ ಹೆಚ್ಚಿನ ಹಿಂಸೆ. ಪಕ್ಕದಲ್ಲಿ ಕೂತಿದ್ದರೆ ಸಾಕು.

ಪಶುವೈದ್ಯರ ಕೈಯಾ, ಮನೆಯ ಕೈಯಾ?

ಮುಗಿಸುವುದು ಅಂತ ತೀರ್ಮಾನವಾದ ಮೇಲೆ ಈ ಪ್ರಶ್ನೆ ಬರುತ್ತದೆ. ಎರಡೂ ದಯೆಯ ದಾರಿಗಳೇ. ಒಂದು ಮೇಲು, ಇನ್ನೊಂದು ಕೀಳು ಅಲ್ಲ.

ಪಶುವೈದ್ಯರು ಸಾಮಾನ್ಯವಾಗಿ ಮೊದಲು ಮಂಪರಿನ ಮದ್ದೋ ಅರಿವಳಿಕೆ ಗ್ಯಾಸೋ ಕೊಟ್ಟು ಕೋಳಿಗೆ ಎಚ್ಚರ ತಪ್ಪಿಸುತ್ತಾರೆ. ಆಮೇಲೆ ಪೆಂಟೋಬಾರ್ಬಿಟಲ್ ಚುಚ್ಚುಮದ್ದು. ನೋಡುವವರಿಗೆ ಇದು ಶಾಂತವಾಗಿರುತ್ತದೆ. ಮಕ್ಕಳಿರುವ ಮನೆಗೆ, ತಾನೇ ಮಾಡಲಾರೆ ಅನ್ನುವವರಿಗೆ, ಭಾರದ ಕೋಳಿಗೆ ಇದೇ ಒಳ್ಳೆಯದು. ತೊಡಕುಗಳೂ ಇವೆ. ಎಲ್ಲ ಪಶುವೈದ್ಯರೂ ಕೋಳಿ ನೋಡುವುದಿಲ್ಲ. ಪ್ರಯಾಣ, ನಾಯಿ ಬೊಗಳುವ ಜಾಗದಲ್ಲಿ ಕಾಯುವುದು, ಹೊಸ ಕೈಗಳು, ಇದೆಲ್ಲ ಕೋಳಿಗೆ ಭಯ. ಹಾಗಾಗಿ ಮೊದಲೇ ಫೋನ್ ಮಾಡಿ. ಕೋಳಿ ನೋಡುತ್ತೀರಾ? ಚುಚ್ಚುವ ಮೊದಲು ಎಚ್ಚರ ತಪ್ಪಿಸುತ್ತೀರಾ? ನಾನು ಜೊತೆಗಿರಬಹುದಾ? ನೇರ ಒಳಗೆ ಬರಬಹುದಾ? ನಾಲ್ಕೂ ಕೇಳಿ. ಒಯ್ಯುವಾಗ ಪೆಟ್ಟಿಗೆಗೆ ಬಟ್ಟೆ ಮುಚ್ಚಿ. ಕತ್ತಲಲ್ಲಿ ಕೋಳಿ ಸಮಾಧಾನವಾಗಿರುತ್ತದೆ.

ಇನ್ನೊಂದು ವಿಷಯ ಎಷ್ಟೋ ಜನರಿಗೆ ಗೊತ್ತಿಲ್ಲ. ಪೆಂಟೋಬಾರ್ಬಿಟಲ್ ಸತ್ತ ಮೈಯಲ್ಲಿ ಉಳಿದಿರುತ್ತದೆ. ಮೇಲೆ ಮೇಲೆ ಹೂತರೆ, ನಾಯಿಯೋ ಹದ್ದೋ ತೋಡಿ ತಿಂದರೆ ಅವೂ ಸಾಯಬಹುದು. ಆಳವಾಗಿ ಹೂಳಿ, ಅಥವಾ ವಿಲೇವಾರಿ ಅವರೇ ಮಾಡುತ್ತಾರಾ ಅಂತ ಕೇಳಿ.

ಮನೆಯಲ್ಲಿ ಮಾಡುವುದು ಅಂದರೆ ಹೆಚ್ಚಾಗಿ ಕತ್ತು ಕಳಚುವುದು. ತಲೆಬುರುಡೆಯ ಹಿಂದೆಯೇ ಬೆನ್ನುಹುರಿ ಮತ್ತು ರಕ್ತನಾಳಗಳು ಒಂದೇ ಎಳೆತಕ್ಕೆ ಹರಿಯಬೇಕು. ಸರಿಯಾಗಿ ಮಾಡಿದರೆ ಬೇಗ ಅರಿವು ಹೋಗುತ್ತದೆ. ಕೋಳಿ ತಾನು ಬದುಕಿದ ಅಂಗಳದಲ್ಲೇ, ಗೊತ್ತಿರುವ ಕೈಯಲ್ಲಿ ಹೋಗುತ್ತದೆ. ಪ್ರಯಾಣವಿಲ್ಲ, ಕಾಯುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಕೋಳಿ ಒದ್ದಾಡುತ್ತಿದ್ದರೆ ಎಷ್ಟೋ ಕಡೆ ಇರುವುದು ಇದೊಂದೇ ದಾರಿ. ತಪ್ಪಾಗಿ ಮಾಡಿದರೆ ಮಾತ್ರ ಅದರ ನೋವನ್ನು ನೀವೇ ಹೆಚ್ಚಿಸಿದ ಹಾಗೆ. ಯುರೋಪಿನ 2009ರ 1099ನೇ ನಿಯಮದಲ್ಲಿ ಬರೀ ಕೈಯಿಂದ ಹೀಗೆ ಮಾಡಲು ಹಕ್ಕಿಯ ತೂಕ 3 ಕಿಲೋ ದಾಟಬಾರದು ಅಂತಿದೆ. ನಿಯಮ ಅಲ್ಲಿಯದಾದರೂ ಕಾರಣ ಎಲ್ಲ ಕಡೆಗೂ ಒಂದೇ. ಭಾರದ ಹಕ್ಕಿಯ ಕತ್ತು ದಪ್ಪ, ಕೈಯ ಬಲ ಸಾಲುವುದಿಲ್ಲ.

ನನ್ನ ಮಾತು ಇಷ್ಟೇ: ಪ್ರೀತಿಯ ಕೋಳಿಯ ಮೇಲೆ ಮೊದಲ ಸಲ ಕಲಿಯಬೇಡಿ. ವಿಡಿಯೋ ನೋಡಿ ಧೈರ್ಯ ಮಾಡಬೇಡಿ. ಗೊತ್ತಿರುವವರನ್ನು ಕರೆಯಿರಿ. ಕರೆಯುವುದು ಹೇಡಿತನ ಅಲ್ಲ. ನಮ್ಮ ಕೆಂಪು ಹೇಂಟೆಗೆ ಎಷ್ಟೋ ವರ್ಷ ಕೋಳಿ ಸಾಕಿದ ಹಿರಿಯರೊಬ್ಬರು ಬಂದಿದ್ದರು. ಅವರು ಶುರು ಮಾಡುವ ಮೊದಲು, "ನೋಡಮ್ಮಾ, ಆಮೇಲೆ ರೆಕ್ಕೆ ಜೋರಾಗಿ ಬಡಿಯುತ್ತೆ. ಅದು ನೋವಲ್ಲ. ಜೀವ ಆಗಲೇ ಹೋಗಿರುತ್ತೆ" ಅಂದರು. ಆ ಒಂದು ಮಾತು ಹೇಳದಿದ್ದರೆ ನಾನು ವರ್ಷಗಟ್ಟಲೆ ಆ ರೆಕ್ಕೆಯ ಸದ್ದನ್ನೇ ನೆನೆದು ಅಳುತ್ತಿದ್ದೆ. ನಿಮ್ಮ ಮನೆಯಲ್ಲೂ ಅಲ್ಲಿ ನಿಂತಿರುವ ಎಲ್ಲರಿಗೂ ಮೊದಲೇ ಹೇಳಿ. ರೆಕ್ಕೆ ಬಡಿಯುತ್ತದೆ, ಕಾಲು ಒದೆಯುತ್ತದೆ. ಅದು ಬರೀ ನರಗಳ ಅದುರು. ಟವೆಲ್‌ನಲ್ಲಿ ಸುತ್ತಿ ಹಿಡಿದುಕೊಂಡರೆ ಅಷ್ಟು ಹೆದರಿಕೆಯಾಗುವುದಿಲ್ಲ.

ಯಾವ ದಾರಿಯಾದರೂ ಕೊನೆಗೆ ಖಚಿತ ಮಾಡಿಕೊಳ್ಳಿ. ಉಸಿರು ನಿಂತಿರಬೇಕು. ಕಣ್ಣಿನ ಮೂಲೆ ಮುಟ್ಟಿದರೆ ರೆಪ್ಪೆ ಅಲುಗಬಾರದು. ಕೆಲವು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ.

ಇವೆರಡರ ಹೊರಗಿನ ದಾರಿಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನೀರಿನಲ್ಲಿ ಮುಳುಗಿಸುವುದು, ಫ್ರೀಜರ್‌ನಲ್ಲಿಡುವುದು, ಚೀಲ ಕಟ್ಟಿ ಉಸಿರುಗಟ್ಟಿಸುವುದು, ಮನುಷ್ಯರ ನಿದ್ದೆ ಮಾತ್ರೆ ಪುಡಿ ಮಾಡಿ ಕೊಡುವುದು. ಎಲ್ಲವೂ ಕ್ರೂರ, ಕೆಲವು ಗಂಟೆಗಟ್ಟಲೆ ಎಳೆಯುತ್ತವೆ. ವಿನೆಗರ್ ಮತ್ತು ಅಡುಗೆ ಸೋಡಾ ಬೆರೆಸಿ ಇಂಗಾಲದ ಡೈಆಕ್ಸೈಡ್ ಗ್ಯಾಸ್ ಮಾಡುವುದು ಮೆತ್ತಗಿನ ದಾರಿ ಅಂತ ಕೆಲವರು ಹೇಳುತ್ತಾರೆ. ಆ ಡಬ್ಬದೊಳಗೆ ಗ್ಯಾಸ್ ಎಷ್ಟಾಗಿದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಕೋಳಿ ಅರೆ ಎಚ್ಚರದಲ್ಲಿ ಉಸಿರಿಗೆ ಒದ್ದಾಡುತ್ತದೆ. ಅಮೆರಿಕದ ಪಶುವೈದ್ಯರ ಸಂಘದ ದಯಾಮರಣ ಸೂಚನೆಗಳಲ್ಲೂ ಇಂಗಾಲದ ಡೈಆಕ್ಸೈಡ್ ಬಳಸುವುದಾದರೆ ಅದು ಸಿಲಿಂಡರ್‌ನಿಂದಲೇ, ಅಳತೆಯಲ್ಲೇ ಬರಬೇಕು ಅಂತಿದೆ.

ಆಮೇಲೆ

ಪರೀಕ್ಷೆ ಮಾಡಿಸುವುದಾ, ಹೂಳುವುದಾ? ಉಳಿದ ಕೋಳಿಗಳಿಗೂ ಬರಬಹುದು ಅನ್ನುವ ಅನುಮಾನವಿದ್ದರೆ ಮರಣೋತ್ತರ ಪರೀಕ್ಷೆಗೆ ಕೊಡಿ. ಅಲ್ಲಿಯವರೆಗೆ ಮೈಯನ್ನು ಚೀಲದಲ್ಲಿ ಕಟ್ಟಿ ತಣ್ಣಗಿಡಿ, ಫ್ರೀಜರ್‌ನಲ್ಲಿ ಹೆಪ್ಪುಗಟ್ಟಿಸಬೇಡಿ. ಹೆಪ್ಪುಗಟ್ಟಿದರೆ ಒಳಗಿನ ಅಂಗಗಳನ್ನು ಸರಿಯಾಗಿ ನೋಡಲಾಗುವುದಿಲ್ಲ. ಅನುಮಾನವಿಲ್ಲದಿದ್ದರೆ ನಿಮ್ಮಲ್ಲಿನ ನಿಯಮ ಒಪ್ಪುವ ಕಡೆ, ಬಾವಿ, ಹಳ್ಳದಿಂದ ದೂರ ಆಳವಾಗಿ ಹೂಳಿ. ಕಾಯಿಲೆಯ ಕೋಳಿಯ, ಮದ್ದು ಕೊಟ್ಟ ಕೋಳಿಯ ಮಾಂಸವನ್ನು ಯಾರೂ ತಿನ್ನಬಾರದು, ನಾಯಿಗೂ ಹಾಕಬಾರದು.

ಮಕ್ಕಳಿಗೆ "ಮಲಗಿಸಿದೆವು" ಅನ್ನಬೇಡಿ. ಚಿಕ್ಕ ಮಗು ರಾತ್ರಿ ಮಲಗಲು ಹೆದರಬಹುದು. "ಅದಕ್ಕೆ ತುಂಬ ನೋವಿತ್ತು. ಗುಣವಾಗುತ್ತಿರಲಿಲ್ಲ. ನೋವಾಗದ ಹಾಗೆ ಸಾಯಲು ಸಹಾಯ ಮಾಡಿದೆವು" ಅಂತ ನೇರವಾಗಿ ಹೇಳಿ. ಮಕ್ಕಳಿಗೆ ಅರ್ಥವಾಗುತ್ತದೆ.

"ಒಂದು ಕೋಳಿಗೆ ಇಷ್ಟೊಂದಾ?" ಅನ್ನುವವರು ಸಿಕ್ಕೇ ಸಿಗುತ್ತಾರೆ. ಅವರಿಗೆ ಉತ್ತರ ಕೊಡುವ ಅಗತ್ಯವಿಲ್ಲ. ಆದರೆ ಒಳಗಿನಿಂದ ಕೇಳುವ ಮಾತಿಗೆ ಉತ್ತರ ಬೇಕು. ಆ ಮಾತು ಎರಡು ಥರ ಬರುತ್ತದೆ. "ಇನ್ನೂ ಎರಡು ದಿನ ಕಾಯಬಹುದಿತ್ತೇನೋ" ಅನ್ನುವುದು ಒಂದು. "ಎರಡು ದಿನ ಮೊದಲೇ ಮಾಡಬೇಕಿತ್ತು" ಅನ್ನುವುದು ಇನ್ನೊಂದು. ನಾನು ಎರಡನ್ನೂ ಅನುಭವಿಸಿದ್ದೇನೆ. ಮುಂದಿನ ವರ್ಷ ಇನ್ನೊಂದು ಕೋಳಿಗೆ ಹೀಗೇ ಆದಾಗ ಮೂರನೇ ದಿನಕ್ಕೇ ಪಶುವೈದ್ಯರ ಹತ್ತಿರ ಒಯ್ದೆ. ಅಂದು ರಾತ್ರಿಯೂ ನಿದ್ದೆ ಬರಲಿಲ್ಲ. ಆದರೆ ಪುಸ್ತಕ ತೆಗೆದು ನೋಡಿದಾಗ ಮೂರು ದಿನದ ತೂಕ, ಖಾಲಿ ಚೀಲ, ಹಸಿರು ಹಿಕ್ಕೆ ಎಲ್ಲ ನನ್ನದೇ ಅಕ್ಷರದಲ್ಲಿತ್ತು. ಅನುಮಾನ ಬಂದಾಗಲೆಲ್ಲ ಅದನ್ನು ಓದಿಕೊಂಡೆ. ಕೆಂಪು ಹೇಂಟೆಯ ವಿಷಯದಲ್ಲಿ ನನ್ನ ಹತ್ತಿರ ಅಂಥ ಪುಟ ಇರಲಿಲ್ಲ. ಅದಕ್ಕೇ ಆ ನೋವು ಹೆಚ್ಚು ದಿನ ಉಳಿಯಿತು.

ಉಳಿದ ಕೋಳಿಗಳನ್ನೂ ಒಂದು ವಾರ ಗಮನಿಸಿ. ಒಂದು ಕೋಳಿ ಹೋದರೆ ಯಾರು ಮೇಲೆ, ಯಾರು ಕೆಳಗೆ ಅನ್ನುವ ಸಾಲು ಅಲುಗಾಡುತ್ತದೆ. ಸ್ವಲ್ಪ ಜಗಳ, ಕುಕ್ಕಾಟ ಇರುತ್ತದೆ. ಯಾವುದಾದರೂ ಹಿಂದೆ ಉಳಿದರೆ ಅವತ್ತೇ ಎತ್ತಿಕೊಂಡು ಎದೆಮೂಳೆ ಮುಟ್ಟಿ ನೋಡಿ, ತೂಗಿ, ಬರೆದಿಡಿ.